ಸ್ಟೆಲ್ಲಾ ಚಿಕ್ಕಮ್ಮ, ಫೋಟೋದಲ್ಲಿರುವ ಬಿಷಪ್ ಕಥೆ ಇದು

ಸ್ಟೆಲ್ಲಾ ಚಿಕ್ಕಮ್ಮ, ನಿಮ್ಮ ಮೆಸೇಜು ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವ ಮಾತಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಒಲೆ ಮೇಲೆ ಬೇಳೆ ಇಟ್ಟಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದರೆ ಬೈಕೋಬೇಡಿ.

ಭಾನುವಾರ ನಾನು ಹಾಕಿದ ವಿಡಿಯೋ ನೋಡಿ "ಇದೇನೇ ಇದು, ಪೂಜೆಯೋ ಮದುವೆ ದಿಬ್ಬಣವೋ? ಹಾಲ್‌ನ ಗೋಡೆ ಮೇಲಿರುವ ಆ ಬಿಷಪ್ ಯಾರು?" ಅಂತ ಕೇಳಿದ್ದೀರಿ. ರಾಬರ್ಟ್ ಮಾವ ಬೇರೆ "ಅಮೆರಿಕದಲ್ಲಿ ಎಲ್ಲಾ ನಡೆಯುತ್ತೆ ಬಿಡಿ" ಅಂತ ಒಗ್ಗರಣೆ ಹಾಕಿದ್ದಾರೆ. ಬಿಡುವ ಹಾಗಿಲ್ಲ ಮಾವ, ಪೂರ್ತಿ ಕೇಳಿ.

ಅದು ಮರಿಯಾಚಿ ಪೂಜೆ, ಅಂದರೆ ಮೆಕ್ಸಿಕೋದ ಮರಿಯಾಚಿ ವಾದ್ಯಗೋಷ್ಠಿ ಜೊತೆ ಚರ್ಚಿನಲ್ಲಿ ನಡೆಯುವ ಪೂಜೆ. ಕಹಳೆ, ಪಿಟೀಲು, ಗಿಟಾರು ಎಲ್ಲಾ ಇರುತ್ತದೆ. ಆ ಗುಡಾಣದ ಹಾಗೆ ಹೊಟ್ಟೆ ಉಬ್ಬಿರುವ ವಾದ್ಯ ಇದೆಯಲ್ಲ, ಅದು ಗಿಟಾರೋನ್. ಬಾರಿಸುವವರ ಹೊಟ್ಟೆಯೂ ಅದರ ಹೊಟ್ಟೆಯೂ ಅಂಟಿಕೊಂಡೇ ಇರುತ್ತವೆ. ಎರಡನೇ ಬೆಂಚಿನಲ್ಲಿ ಕೂತರೆ ಅದರ ಗುಂಯ್ ಅನ್ನೋ ಸದ್ದು ಕಿವಿಗಿಂತ ಮೊದಲು ಬೆಂಚಿನ ಹಲಗೆಗೆ ಬರುತ್ತದೆ. ಫೋಟೋದಲ್ಲಿರುವವರು ಪ್ಯಾಟ್ರಿಕ್ ಫ್ಲೋರೆಸ್. ಟೆಕ್ಸಾಸ್‌ನ ನಮ್ಮೀ ಊರು ಸ್ಯಾನ್ ಆಂಟೋನಿಯೊದ ಆರ್ಚ್‌ಬಿಷಪ್ ಆಗಿದ್ದವರು. ಇಲ್ಲಿನ ಜನ ಅವರನ್ನು "ಮರಿಯಾಚಿ ಬಿಷಪ್" ಅಂತಲೇ ಕರೆಯುತ್ತಿದ್ದರು. ಅದನ್ನು ಅವರು ಬೈಗುಳ ಅಂತ ತಿಳಿದುಕೊಳ್ಳಲಿಲ್ಲ.

ಹುಟ್ಟಿದ್ದು 1929ರಲ್ಲಿ, ಟೆಕ್ಸಾಸ್‌ನ ಗಾನಾಡೊ ಅನ್ನೋ ಚಿಕ್ಕ ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವರು. ಹತ್ತಿ ಬಿಡಿಸುವುದಕ್ಕೆ ಊರಿಂದೂರಿಗೆ ಗುಳೆ ಹೋಗುವ, ಸ್ಪ್ಯಾನಿಷ್ ಆಡುವ ಮೆಕ್ಸಿಕನ್ ಮೂಲದ ಸಂಸಾರ. ರಾಯಚೂರು ಕಡೆಯಿಂದ ಬೆಂಗಳೂರಿಗೆ ಗುಳೆ ಬರುವವರನ್ನು ನೋಡಿದ್ದೀರಲ್ಲ, ಅವರ ಮಕ್ಕಳ ಓದು ಹೇಗಿರುತ್ತದೆ? ಇವರದೂ ಹಾಗೇ. ಅಪ್ಪನಿಗೆ ಕಾಯಿಲೆ ಬಂದಾಗ ಶಾಲೆ ಬಿಟ್ಟರು. ಆಮೇಲೆ ಗ್ಯಾಲ್ವೆಸ್ಟನ್‌ನ ಬಿಷಪ್ ಸಹಾಯ ಮಾಡಿ ಓದು ಮುಂದುವರಿಯಿತು. 1956ರಲ್ಲಿ ಪಾದ್ರಿಯಾದರು.

ಆಗಿನ ಟೆಕ್ಸಾಸ್‌ನಲ್ಲಿ ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಮಕ್ಕಳಿಗೆ ಶಿಕ್ಷೆ. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಫೈನ್ ಹಾಕುತ್ತಿದ್ದರಲ್ಲ, ಅದಕ್ಕಿಂತ ಜಾಸ್ತಿ. ಇವರು ಹೊಸದಾಗಿ ಪಾದ್ರಿಯಾಗಿ ಹೋದ ಚರ್ಚಿನಲ್ಲೂ, ಜನರ ಜೊತೆ ಸ್ಪ್ಯಾನಿಷ್ ಮಾತಾಡಬೇಡ ಅಂತ ಮೇಲಿನ ಪಾದ್ರಿ ಹೇಳಿದ್ದರಂತೆ. ಇಂಗ್ಲಿಷ್ ಬಾರದ ಅಜ್ಜಿ ಎದುರಿಗೆ ನಿಂತಿರುತ್ತಾಳೆ, ಇವರಿಗೆ ಅವಳ ಭಾಷೆ ಬರುತ್ತದೆ, ಆದರೂ ಆಡುವ ಹಾಗಿಲ್ಲ!

ಒಂದು ಲೆಕ್ಕ ಹೇಳುತ್ತೇನೆ ಕೇಳಿ. ಇಲ್ಲಿನ ಸ್ಯಾನ್ ಫೆರ್ನಾಂಡೋ ಕೆಥೆಡ್ರಲ್‌ಗೆ ಅಡಿಗಲ್ಲು ಹಾಕಿದ್ದು 1738ರಲ್ಲಿ. ಹಾಕಿಸಿದವರೇ ಸ್ಪ್ಯಾನಿಷ್ ಆಡುವ ಜನ. ಆಗ ಅಮೆರಿಕ ಅನ್ನೋ ದೇಶವೇ ಇರಲಿಲ್ಲ. ಆದರೂ ಇಡೀ ದೇಶದಲ್ಲಿ ಮೆಕ್ಸಿಕನ್ ಮೂಲದ ಒಬ್ಬರು ಬಿಷಪ್ ಆಗುವುದಕ್ಕೆ 1970 ಬರಬೇಕಾಯಿತು. ಆ ಮೊದಲನೆಯವರೇ ಇವರು. ಇನ್ನೂರ ಮೂವತ್ತೆರಡು ವರ್ಷ, ಚಿಕ್ಕಮ್ಮ. ಮನೆ ಕಟ್ಟಿದವರನ್ನೇ ಜಗುಲಿಯಲ್ಲಿ ಕೂರಿಸಿದ ಹಾಗೆ.

ಅಭಿಷೇಕ ನಡೆದದ್ದು ಮೇ 5ಕ್ಕೆ. ಅದು ಮೆಕ್ಸಿಕೋದವರಿಗೆ ಫ್ರೆಂಚರನ್ನು ಸೋಲಿಸಿದ ನೆನಪಿನ ದಿನ. ಮರಿಯಾಚಿ ವಾದ್ಯ, ಎರಡು ಭಾಷೆಯಲ್ಲಿ ಪೂಜೆ. ಬೈಬಲ್ ವಾಚನ ಓದಿದವರು ಯಾರು ಗೊತ್ತಾ? ಸೀಸರ್ ಚಾವೆಜ್. ದ್ರಾಕ್ಷಿ ತೋಟದ ಕೂಲಿಯವರ ಸಂಘ ಕಟ್ಟಿ, ದೇಶದ ಜನ ದ್ರಾಕ್ಷಿ ಕೊಳ್ಳುವುದನ್ನೇ ನಿಲ್ಲಿಸುವ ಹಾಗೆ ಮಾಡಿದವರು. ಹತ್ತಿ ಬಿಡಿಸಿದವನ ಅಭಿಷೇಕಕ್ಕೆ ದ್ರಾಕ್ಷಿ ಬಿಡಿಸುವವರ ಮುಖಂಡ.

ಹಾಂ, ಒಂದು ಸೀಟಿ ಆಯಿತು.

ನನಗೆ ಇಷ್ಟವಾದ ಕಥೆ ಚರಂಡಿಯದು. ನಗಬೇಡಿ. ಊರಿನ ವೆಸ್ಟ್ ಸೈಡ್‌ನಲ್ಲಿ ಬಡ ಮೆಕ್ಸಿಕನ್ ಜನ ಇರುತ್ತಿದ್ದರು. ಮಳೆ ಬಂದರೆ ಮನೆಯೊಳಗೆ ನೀರು. ಚರಂಡಿಯ ಯೋಜನೆ ಎಷ್ಟೋ ವರ್ಷಗಳಿಂದ ಕಾಗದದ ಮೇಲೇ ಇತ್ತು. ನಮ್ಮೂರಿನ ಯುಜಿಡಿ ಕಥೆಯೇ ಅಂದುಕೊಳ್ಳಿ. 1974ರಲ್ಲಿ ಎರ್ನೆಸ್ಟೊ ಕೊರ್ಟೆಸ್ ಅನ್ನುವವರು ಚರ್ಚು ಚರ್ಚಿಗೂ ಹೋಗಿ ಜನರನ್ನು ಸೇರಿಸಿ ಕಾಪ್ಸ್ ಅಂತ ಒಂದು ಸಂಘಟನೆ ಕಟ್ಟಿದರು. ಪೊಲೀಸು ಅಲ್ಲ, ಹೆಸರಿನ ಮೊದಲಕ್ಷರ ಸೇರಿಸಿದರೆ ಹಾಗಾಗುತ್ತದೆ. ಫ್ಲೋರೆಸ್ ಅದರ ಬೆನ್ನಿಗೆ ನಿಂತರು.

ಆ ಹೆಂಗಸರು ಮಾಡಿದ್ದು ಕೇಳಿ. ಊರಿನ ದೊಡ್ಡ ವ್ಯಾಪಾರಿಗಳಿಗೆ ಬಿಸಿ ಮುಟ್ಟಿದರೆ ನಗರಸಭೆಯೂ ಕೇಳುತ್ತದೆ ಅಂತ, ಊರಿನ ದೊಡ್ಡ ಬ್ಯಾಂಕಿಗೆ ಹೋಗಿ ಸಾಲಾಗಿ ನಿಂತರು. ನೋಟು ಕೊಟ್ಟು ಪೆನ್ನಿ ಚಿಲ್ಲರೆ ತೆಗೆದುಕೊಳ್ಳುವುದು, ಪಕ್ಕದ ಕೌಂಟರಿನಲ್ಲಿ ಅದೇ ಚಿಲ್ಲರೆ ಕೊಟ್ಟು ನೋಟು ಕೇಳುವುದು. ಬ್ಯಾಂಕಿನ ಕೆಲಸ ನಿಂತೇಹೋಯಿತು. ಇನ್ನೊಂದು ಗುಂಪು ದೊಡ್ಡ ಬಟ್ಟೆ ಅಂಗಡಿಗೆ ನುಗ್ಗಿ ತುಪ್ಪಳದ ಕೋಟುಗಳನ್ನೆಲ್ಲ ಹಾಕಿ ನೋಡಿ, ಒಂದೂ ಕೊಳ್ಳಲಿಲ್ಲ. ನೂರು ಸೀರೆ ಬಿಚ್ಚಿಸಿ "ಇನ್ನೊಂದ್ಸಲ ಬರ್ತೀವಿ" ಅಂತ ಎದ್ದು ಬರುವುದು ನಮ್ಮ ಮನೆಯ ಹೆಂಗಸರಿಗೆ ಹೊಸದಲ್ಲ, ಅಲ್ವಾ? ಆದರೆ ಅದರಿಂದ ಚರಂಡಿ ಬರುತ್ತದೆ ಅಂತ ನಮಗೆ ಹೊಳೆಯಲೇ ಇಲ್ಲ. ಅವರಿಗೆ ಬಂತು. ರಸ್ತೆಯೂ ಬಂತು.

ಉಳಿದದ್ದು ಬೇಗ ಹೇಳುತ್ತೇನೆ. 1972ರಲ್ಲಿ ಮೆಕ್ಸಿಕನ್ ಅಮೆರಿಕನ್ ಕಲ್ಚರಲ್ ಸೆಂಟರ್ ಶುರುವಾಗುವಾಗ ಅವರೂ ಜೊತೆಗಿದ್ದರು. ಬೇರೆ ಕಡೆಯ ಪಾದ್ರಿಗಳು, ಸಿಸ್ಟರ್‌ಗಳು ಬಂದು ಸ್ಪ್ಯಾನಿಷ್ ಕಲಿಯುವ ಜಾಗ ಅದು. ಮಾತಾಡಬೇಡ ಅಂದಿದ್ದ ಭಾಷೆಗೇ ಈಗ ಪಾಠಶಾಲೆ. 1979ರಲ್ಲಿ ಆರ್ಚ್‌ಬಿಷಪ್. 1987ರಲ್ಲಿ ಪೋಪ್ ಜಾನ್ ಪಾಲ್ ಬಂದಾಗ ಕರೆದುಕೊಂಡು ಓಡಾಡಿದವರು ಇವರೇ. ಆವತ್ತು ಪೋಪ್ ವೆಸ್ಟ್ ಸೈಡ್‌ಗೂ ಹೋಗಿ ಸ್ಪ್ಯಾನಿಷ್‌ನಲ್ಲಿ ಮಾತಾಡಿದರು.

ಎಲ್ಲಾ ಚಿನ್ನ ಅಂತ ಹೇಳುತ್ತಿಲ್ಲ. ಕೆಲವು ಪಾದ್ರಿಗಳು ಮಕ್ಕಳ ಮೇಲೆ ಮಾಡಿದ ದೌರ್ಜನ್ಯದ ಕೇಸುಗಳು ಇವರ ಕಾಲದಲ್ಲೇ ಕೋರ್ಟಿಗೆ ಬಂದವು, ಧರ್ಮಪ್ರಾಂತ ಪರಿಹಾರ ಕೊಡಬೇಕಾಯಿತು. ಅದರಲ್ಲಿ ಇವರನ್ನು ಟೀಕಿಸಿದವರಿದ್ದಾರೆ. ಹಾರ ಹಾಕಿದ ಫೋಟೋ ಅಂತ ನಾನು ಇದನ್ನು ನುಂಗಿಕೊಳ್ಳುವುದಿಲ್ಲ.

ಇನ್ನೊಂದು ಮಾತ್ರ ಹೇಳಲೇಬೇಕು. 2000ದ ಜೂನ್. ಅವರಿಗೆ 70 ವರ್ಷ. ಒಬ್ಬ ಮನುಷ್ಯ ಗ್ರೆನೇಡ್ ಹಿಡಿದು ಅವರ ಆಫೀಸಿಗೇ ನುಗ್ಗಿ ಒತ್ತೆ ಇಟ್ಟುಕೊಂಡ. ಎಲ್ ಸಾಲ್ವಡಾರ್‌ನವನು. ತನ್ನನ್ನು ದೇಶದಿಂದ ಹೊರಗೆ ಹಾಕುತ್ತಾರೆ ಅನ್ನೋ ಭಯ ಅವನಿಗೆ. ಒಂಬತ್ತು ಗಂಟೆ ಕಾಲ ಒಳಗೇ ಇದ್ದರು. ಊರಿಗೆ ಊರೇ ಟಿವಿ ಮುಂದೆ. ಕೊನೆಗೆ ಏನೂ ಆಗದೆ ಹೊರಗೆ ಬಂದರು. ಆ ಗ್ರೆನೇಡ್ ನಕಲಿಯದು. ಅವನನ್ನು ಕ್ಷಮಿಸಿದೆ ಅಂದರು. ನಮ್ಮ ಆಸ್ಪತ್ರೆಯಲ್ಲಿ ನನ್ನ ಜೊತೆ ನೈಟ್ ಡ್ಯೂಟಿ ಮಾಡುವ ಒಬ್ಬರು ಆವತ್ತಿನ ಕಥೆ ಹೇಳುವಾಗ ಈಗಲೂ ಕೈ ಎದೆ ಮೇಲಿಡುತ್ತಾರೆ. ಅವರ ಅಮ್ಮ ಜಪಸರ ಹಿಡಿದು ಟಿವಿ ಎದುರು ಮಂಡಿಯೂರಿದವರು, ಸಂಜೆ ಬಿಷಪ್ ಹೊರಗೆ ಬರುವ ತನಕ ಎದ್ದಿರಲಿಲ್ಲವಂತೆ.

ಎರಡನೇ ಸೀಟಿ. ಮುಗಿಸುತ್ತೇನೆ.

2004ರಲ್ಲಿ ನಿವೃತ್ತರಾದರು, 2017ರ ಜನವರಿಯಲ್ಲಿ ತೀರಿಕೊಂಡರು. ನಾನು ಅವರನ್ನು ನೋಡಲೇ ಇಲ್ಲ. ಆದರೆ ಈ ಊರಿಗೆ ಬಂದ ಹೊಸದರಲ್ಲಿ, ಒಂದಕ್ಷರ ಸ್ಪ್ಯಾನಿಷ್ ಬಾರದಾಗ, ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಹಳೆ ಶುರುವಾಯಿತು. ಪಕ್ಕದ ಅಜ್ಜಿ ಕಣ್ಣು ಮುಚ್ಚಿ ಹಾಡುತ್ತಿದ್ದರು, ಪುಸ್ತಕ ಇಲ್ಲ, ಏನಿಲ್ಲ. ನನಗೆ ನಮ್ಮಜ್ಜಿ ನೆನಪಾದರು. ಲ್ಯಾಟಿನ್ ಹೋಗಿ ಕನ್ನಡದಲ್ಲಿ ಪೂಜೆ ಬಂದ ಮೊದಲ ಭಾನುವಾರ, ಐವತ್ತು ವರ್ಷ ಕೇಳಿದ್ದರ ಅರ್ಥ ಇವತ್ತು ಗೊತ್ತಾಯಿತು ಅಂತ ಮನೆಗೆ ಬಂದು ಅತ್ತಿದ್ದರಂತಲ್ಲ, ನೀವೇ ಹೇಳಿದ್ದು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ ಪೂಜೆಗಾಗಿ ಅಷ್ಟು ಗಲಾಟೆ ಯಾಕೆ ಅಂತ ಮೂಗು ಮುರಿಯುತ್ತಿದ್ದ ನಾನು ಆವತ್ತಿಂದ ಬಾಯಿ ಮುಚ್ಚಿಕೊಂಡಿದ್ದೇನೆ.

ಚಿಕ್ಕಮ್ಮ, ಹೇಗೂ ಡಿಸೆಂಬರಿನಲ್ಲಿ ಬರುತ್ತೀರಲ್ಲ. 12ನೇ ತಾರೀಕು ಗ್ವಾದಲೂಪೆ ಮಾತೆಯ, ಅಂದರೆ ಮೆಕ್ಸಿಕೋದವರ ಮೇರಿ ಮಾತೆಯ ಹಬ್ಬ. ಬೆಳಕು ಹರಿಯುವ ಮುಂಚೆಯೇ ಮರಿಯಾಚಿಯವರು ಮಾತೆಗೆ ಹುಟ್ಟುಹಬ್ಬದ ಹಾಡು ಹಾಡುತ್ತಾರೆ. ಕರೆದುಕೊಂಡು ಹೋಗುತ್ತೇನೆ. ಚಳಿ ಇರುತ್ತದೆ, ಆ ನೀಲಿ ಸ್ವೆಟರ್ ತನ್ನಿ. ಮಾವನಿಗೂ ಒಂದು ತನ್ನಿ, ಎರಡನೇ ಬೆಂಚಿನಲ್ಲೇ ಕೂರಿಸುತ್ತೇನೆ, ಗಿಟಾರೋನ್ ಎದುರಿಗೆ.

ಅಯ್ಯೋ, ಮೂರನೇದೂ ಕೂಗಿತು. ಇಡುತ್ತೇನೆ.