ಟೆಕ್ಸಾಸ್‌ನಲ್ಲಿ ಮೂರನೇ ಪಕ್ಷಕ್ಕೆ ವೋಟು ಹಾಕಿದರೆ ಹಾಳೇ?

ಪ್ರಶ್ನೆ: ಡಲ್ಲಾಸ್ ಹತ್ತಿರ ಹುಬ್ಬಿನ ಥ್ರೆಡಿಂಗ್ ಮಾಡುತ್ತೇನೆ. ನೂಲಿನ ಒಂದು ತುದಿ ಹಲ್ಲಲ್ಲಿ, ಉಳಿದದ್ದು ಬೆರಳಲ್ಲಿ, ಅಷ್ಟೇ ಕೆಲಸ. ಹಿಂದೆ ಇದಕ್ಕೂ 750 ಗಂಟೆ ತರಬೇತಿಯ ಲೈಸೆನ್ಸ್ ಬೇಕಿತ್ತು! 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಕೇಸು ಹಾಕಿದ್ದು ನನ್ನಂಥ ಥ್ರೆಡಿಂಗ್‌ನವರೇ. ಸರ್ಕಾರ ದುಡಿಯುವವರ ದಾರಿಗೆ ಅಡ್ಡ ಬರಬಾರದು ಅನ್ನೋದು ನನ್ನ ಗಟ್ಟಿ ನಂಬಿಕೆ. ಅದಕ್ಕೇ ನವೆಂಬರ್ 2024ರ ಅಧ್ಯಕ್ಷ ಚುನಾವಣೆಯಲ್ಲಿ, ಸರ್ಕಾರದ ಹಸ್ತಕ್ಷೇಪ ಕಡಿಮೆ ಇರಬೇಕೆನ್ನುವ ಲಿಬರ್ಟೇರಿಯನ್ ಪಕ್ಷದ ಚೇಸ್ ಆಲಿವರ್‌ಗೆ ವೋಟು ಹಾಕೋಣ ಅಂತಿದ್ದೇನೆ. ಮನೆಯವರು ಸುಮ್ನೆ ವೇಸ್ಟ್ ಅನ್ನುತ್ತಾರೆ. ನೀವೇನಂತೀರಿ?

ಉತ್ತರ 1: ಮನೆಯವರ ಮಾತಲ್ಲೂ ಹುರುಳಿದೆ ಅಕ್ಕಾ. 1992ರಲ್ಲಿ ಪಕ್ಷೇತರ ರಾಸ್ ಪೆರೋಗೆ ಸುಮಾರು 19% ವೋಟು ಬಿತ್ತು, ಅಧ್ಯಕ್ಷರನ್ನು ತೀರ್ಮಾನಿಸುವ ರಾಜ್ಯವಾರು ಎಲೆಕ್ಟೋರಲ್ ವೋಟು ಮಾತ್ರ ಸೊನ್ನೆ. 2000ದಲ್ಲಿ ಫ್ಲೋರಿಡಾದಲ್ಲಿ ರಿಪಬ್ಲಿಕನ್ ಬುಷ್ ಡೆಮಾಕ್ರಟ್ ಗೋರ್ ವಿರುದ್ಧ ಗೆದ್ದದ್ದು 537 ವೋಟಿನಿಂದ, ಮೂರನೆಯವರಾದ ಗ್ರೀನ್ ಪಕ್ಷದ ನೇಡರ್‌ಗೆ ಅಲ್ಲಿ 97 ಸಾವಿರಕ್ಕೂ ಜಾಸ್ತಿ ಬಿದ್ದಿತ್ತು. ಆದರೆ ಟೆಕ್ಸಾಸ್‌ನಲ್ಲಿ 1976ರ ನಂತರ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟರು ಗೆದ್ದೇ ಇಲ್ಲ. ಒಂದು ವೋಟಿನಿಂದ ಫಲಿತಾಂಶ ಬದಲಾಗೋದು ಕಷ್ಟ, ಹಾಗಾಗಿ ಇಲ್ಲಿ ಮನಸ್ಸಿಗೆ ಬಂದವರಿಗೆ ಹಾಕಬಹುದು.

ಉತ್ತರ 2: ವೋಟು ನಿಮ್ಮಿಷ್ಟ. ಆದರೆ ಫೆಬ್ರವರಿ 2021ರಲ್ಲಿ ಟೆಕ್ಸಾಸ್‌ಗೆ ಬಡಿದ ಚಳಿಯ ಬಿರುಗಾಳಿ ಮರೆತಿರಾ? ವಿದ್ಯುತ್ ಘಟಕ, ಗ್ಯಾಸ್ ಬಾವಿಗಳನ್ನು ಚಳಿಗೆ ಸಜ್ಜು ಮಾಡಲೇಬೇಕೆಂಬ ಕಟ್ಟುನಿಟ್ಟು ಇರಲಿಲ್ಲ. ಎಲ್ಲ ಹೆಪ್ಪುಗಟ್ಟಿ ಲಕ್ಷಾಂತರ ಮನೆಗಳಲ್ಲಿ ಕರೆಂಟ್ ಹೋಯಿತು. ರಾಜ್ಯದ ಲೆಕ್ಕದಲ್ಲೇ 246 ಜನ ಸತ್ತರು. ಅಲ್ಲಿ ಸರ್ಕಾರ ಕೈ ಹಾಕಬೇಕಿತ್ತು, ಅಲ್ವಾ?

ಪ್ರಶ್ನೆ ಕೇಳಿದವರು: ಹೌದು, ವಿದ್ಯುತ್ ಜಾಲದ (ಗ್ರಿಡ್) ವಿಷಯ ಒಪ್ಪಿದೆ. ನೂಲಿಗೆ ಲೈಸೆನ್ಸ್ ಬೇಡ, ಗ್ರಿಡ್‌ಗೆ ನಿಯಮ ಬೇಕು. ಇವೆರಡನ್ನೂ ಹೇಳುವ ಅಭ್ಯರ್ಥಿ ರಾಜ್ಯ ಶಾಸನಸಭೆಗಾದರೂ ನಿಂತಿದ್ದಾರಾ? ಲೈಸೆನ್ಸೂ ಗ್ರಿಡ್ಡೂ ತೀರ್ಮಾನವಾಗೋದು ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲೇ. ಇವತ್ತು ರಾತ್ರಿ ಆ ಪಟ್ಟಿ ನೋಡುತ್ತೇನೆ.