ಇಪಿಎಬಿಎಕ್ಸ್‌ಗೆ ಸಾದಾ ಫೋನ್ ಹಾಕಿದರೆ ಡಯಲ್ ಟೋನೇ ಇಲ್ಲ

ಹಳೇಮೇಜು:
ನಮ್ಮ ಆಫೀಸಿನ ಇಪಿಎಬಿಎಕ್ಸ್ (ಆಫೀಸಿನ ಒಳಗಿನ ಫೋನ್ ಎಕ್ಸ್‌ಚೇಂಜ್) ಜೊತೆ ಬಂದಿದ್ದ, ಡಿಸ್‌ಪ್ಲೇ ಇರುವ ಫೋನುಗಳಲ್ಲಿ ಎರಡು ಕೆಟ್ಟಿವೆ. ಆ ಮಾಡೆಲ್ ಈಗ ಸಿಗುವುದೇ ಇಲ್ಲವಂತೆ. ಬೀರುವಿನಲ್ಲಿ ಸಾದಾ ಫೋನುಗಳು ಸುಮ್ನೆ ಬಿದ್ದಿದ್ದವು, ಒಂದನ್ನು ತಂದು ಸಿಕ್ಕಿಸಿದೆ. ಪಿನ್ ಸರಿಯಾಗಿಯೇ ಕೂತಿತು, ಆದರೆ ರಿಸೀವರ್ ಎತ್ತಿದರೆ ಟೋನ್ ಇಲ್ಲ, ಸಣ್ಣಗೆ ಗುಂಯ್ ಅನ್ನುತ್ತೆ ಅಷ್ಟೆ. ಅದೇ ಫೋನು ಸ್ಟೋರ್ ರೂಮಿನ ಸಾಕೆಟ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ವೈರಿಂಗ್ ಹೋಗಿದೆಯಾ?

ತಂತಿಗಂಟು:
ವೈರಿಂಗ್ ಅಲ್ಲ ಸಾರ್. ಸ್ಟೋರ್ ರೂಮಿಗೆ ಹೋಗಿರುವುದು ಎಸ್‌ಎಲ್‌ಟಿ ಪೋರ್ಟ್, ಅಂದರೆ ಸಾದಾ ಫೋನಿಗೆ ಆಗುವ ಅನಲಾಗ್ ಎಕ್ಸ್‌ಟೆನ್ಶನ್. ನಿಮ್ಮ ಮೇಜಿಗೆ ಬಂದಿರುವುದು ಡಿಜಿಟಲ್ ಪೋರ್ಟ್. ಅದರಲ್ಲಿ ಮಾತು, ಬಟನ್, ಡಿಸ್‌ಪ್ಲೇಯ ಅಕ್ಷರ ಎಲ್ಲವೂ ಆ ತಯಾರಕರದ್ದೇ ಡೇಟಾ ಆಗಿ ಓಡಾಡುತ್ತೆ, ಸಾದಾ ಫೋನಿಗೆ ಅದು ಅರ್ಥವಾಗುವುದಿಲ್ಲ. ಸಾದಾ ಫೋನಿಗೆ ಬೇಕಾಗುವುದು 48 ವೋಲ್ಟ್ ಆಸುಪಾಸಿನ ಡಿಸಿ (ಚಿಕ್ಕ ಎಕ್ಸ್‌ಚೇಂಜ್‌ಗಳಲ್ಲಿ 24 ಕೂಡ ಇರುತ್ತೆ), ಮತ್ತೆ ಬೆಲ್ ಹೊಡೆಯುವುದಕ್ಕೆ 20-25 ಹರ್ಟ್ಸ್‌ನ ಎಸಿ. ಇದನ್ನು ಕೊಡುವುದು ಇಪಿಎಬಿಎಕ್ಸ್ ಒಳಗಿನ ಎಸ್‌ಎಲ್‌ಟಿ ಕಾರ್ಡ್. ಅದರಲ್ಲಿ ಪೋರ್ಟ್ ಖಾಲಿ ಇದ್ದರೆ ಟ್ಯಾಗ್ ಬ್ಲಾಕ್‌ನಲ್ಲಿ (ಪೋರ್ಟ್‌ಗಳ ತಂತಿ, ಮೇಜುಗಳ ತಂತಿ ಸೇರುವ ಪಟ್ಟಿ) ಎರಡನ್ನೂ ಜೋಡಿಸುವ ಜಂಪರ್ ತಂತಿ ಬದಲಿಸಿಕೊಳ್ಳಿ, ಗೋಡೆ ಒಳಗಿನ ಕೇಬಲ್ ಮುಟ್ಟುವುದೇ ಬೇಡ. ಎಕ್ಸ್‌ಟೆನ್ಶನ್ ನಂಬರ್ ಮಾತ್ರ ಪ್ರೋಗ್ರಾಮಿಂಗ್‌ನಲ್ಲಿ ಬದಲಿಸಬೇಕಾಗುತ್ತೆ.

ಕತ್ತರಿಸಿದಕರೆ:
ಒಂದು ಮಾತು ಸೇರಿಸುತ್ತೇನೆ. ಮಲ್ಟಿಮೀಟರ್ ಇಟ್ಟು ವೋಲ್ಟ್ ತೋರಿಸಿತು ಅಂತ ಅದನ್ನು ಅನಲಾಗ್ ಅಂದುಕೊಳ್ಳಬೇಡಿ, ಡಿಜಿಟಲ್ ಫೋನ್ ನಡೆಯುವುದಕ್ಕೂ ಅದೇ ಜೋಡಿ ತಂತಿಯಲ್ಲಿ ಡಿಸಿ ಬರುತ್ತಿರಬಹುದು, ನಾನು ಹೀಗೇ ಅರ್ಧ ದಿನ ಹಾಳು ಮಾಡಿಕೊಂಡಿದ್ದೇನೆ. ಮುಚ್ಚಳ ತೆಗೆದು ಕಾರ್ಡ್ ಮೇಲೆ ಏನು ಬರೆದಿದೆ ಅಂತ ನೋಡಿ. ಕೆಲವು ಸಿಸ್ಟಮ್‌ಗಳಲ್ಲಿ ಹೈಬ್ರಿಡ್ ಪೋರ್ಟ್ ಇರುತ್ತೆ, ಎರಡೂ ಬಗೆಯ ಫೋನಿಗೆ ಆಗುತ್ತೆ.

ಗುಬ್ಬಿಗೂಡು:
ನಮ್ಮದು ಪೂರ್ತಿ ಐಪಿ ಸಿಸ್ಟಮ್, ಅಂದರೆ ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವುದು, ಅದಕ್ಕೆ ಸಾದಾ ಫೋನ್ ಹಾಕಲು ಎಟಿಎ ಡಬ್ಬಿ (ಸಾದಾ ಫೋನನ್ನು ನೆಟ್‌ವರ್ಕ್‌ಗೆ ಜೋಡಿಸುವ ಅಡಾಪ್ಟರ್) ಬೇಕಾಯಿತು. ಕೊಳ್ಳುವಾಗ ಎಫ್‌ಎಕ್ಸ್‌ಎಸ್ ಪೋರ್ಟ್ ಇದೆಯಾ ನೋಡಿ, ಫೋನ್ ಸಿಕ್ಕಿಸುವುದು ಅದಕ್ಕೇ. ಎಫ್‌ಎಕ್ಸ್‌ಒ ಹೊರಗಿನ ಲೈನಿಗೆ, ಅದಕ್ಕೆ ಫೋನ್ ಸಿಕ್ಕಿಸಿದರೆ ಏನೂ ಆಗುವುದಿಲ್ಲ.

ಹಳೇಮೇಜು:
ಎಸ್‌ಎಲ್‌ಟಿ ಕಾರ್ಡ್‌ನಲ್ಲಿ ಎರಡು ಪೋರ್ಟ್ ಖಾಲಿ ಇದ್ದವು! ಜಂಪರ್ ಬದಲಿಸಿದೆ, ಎರಡೂ ಫೋನ್ ಮಾತಾಡುತ್ತಿವೆ. ಆದರೆ ಕರೆ ಟ್ರಾನ್ಸ್‌ಫರ್ ಮಾಡಲು ರಿಸೀವರ್ ಇಡುವ ಗುಂಡಿ ಒತ್ತಿದರೆ ಕರೆಯೇ ಕಟ್ ಆಗುತ್ತೆ, ಹಳೇ ಫೋನಿನಲ್ಲಿ ಇದಕ್ಕೇ ಒಂದು ಬಟನ್ ಇತ್ತು.

ತಂತಿಗಂಟು:
ಕೈಯಲ್ಲಿ ಒತ್ತಿದರೆ ಹೊತ್ತು ಜಾಸ್ತಿ ಆಗುತ್ತೆ, ಸಿಸ್ಟಮ್ ಅದನ್ನು ಫೋನ್ ಇಟ್ಟರು ಅಂತಲೇ ತಿಳಿಯುತ್ತೆ. ಫೋನಿನಲ್ಲಿ 'ಆರ್' ಅಥವಾ 'ಫ್ಲ್ಯಾಶ್' ಅಂತ ಬಟನ್ ಇರುತ್ತಲ್ವಾ, ಅದನ್ನು ಒತ್ತಿ ಟೋನ್ ಬಂದ ಮೇಲೆ ಎಕ್ಸ್‌ಟೆನ್ಶನ್ ನಂಬರ್ ಹೊಡೆಯಿರಿ. ಆಗಲೂ ಕಟ್ ಆದರೆ, ಇಲ್ಲ ಏನೂ ಆಗದಿದ್ದರೆ, ಫ್ಲ್ಯಾಶ್ ಸಮಯ, ಅಂದರೆ ಆ ಬಟನ್ ಲೈನನ್ನು ಕಡಿದು ಹಿಡಿಯುವ ಹೊತ್ತು, ಇಪಿಎಬಿಎಕ್ಸ್‌ಗೆ ಹೊಂದುತ್ತಿಲ್ಲ ಅಂತ ಅರ್ಥ. ಕೆಲವು ಫೋನ್ 100 ಮಿಲಿಸೆಕೆಂಡ್ ಕೊಡುತ್ತವೆ, ಕೆಲವು 600. ಫೋನಿನ ತಳದಲ್ಲಿ ಸ್ವಿಚ್ ಇದ್ದರೆ ಅಲ್ಲೇ ಬದಲಿಸಿ, ಇಲ್ಲದಿದ್ದರೆ ಇಪಿಎಬಿಎಕ್ಸ್ ಸೆಟ್ಟಿಂಗ್‌ನಲ್ಲಿ. ಹಾಗೇ ಪಲ್ಸ್-ಟೋನ್ ಸ್ವಿಚ್ ಟೋನ್‌ನಲ್ಲಿದೆಯಾ ನೋಡಿಬಿಡಿ, ಪಲ್ಸ್‌ನಲ್ಲಿದ್ದರೆ 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಅನ್ನುವ ಕರೆಗಳಲ್ಲಿ ನೀವು ಎಷ್ಟು ಒತ್ತಿದರೂ ಆ ಕಡೆಯವರಿಗೆ ತಿಳಿಯುವುದಿಲ್ಲ.

ಹಳೇಮೇಜು:
600ಕ್ಕೆ ಇಟ್ಟೆ, ಟ್ರಾನ್ಸ್‌ಫರ್ ಆಯಿತು.