ಹಿಂಭಾರದ ಕ್ಯಾಮೆರಾ ಗಿಂಬಲ್ ಮೇಲೆ ನಿಲ್ಲುತ್ತಿಲ್ಲ, ಯಾವ ಪ್ಲೇಟ್ ಹಾಕಲಿ?

ಕೇಳಿದವರು:
ಒಂದು ವಾರದಿಂದ ಇದೇ ತಲೆನೋವು. ಪೆಟ್ಟಿಗೆಯಂಥ ಪುಟ್ಟ ಸಿನಿಮಾ ಕ್ಯಾಮೆರಾ, ಅದರ ಸುತ್ತ ಕೇಜ್ (ಲೋಹದ ಚೌಕಟ್ಟು), ಹಗುರವಾದ ಪ್ರೈಮ್ ಲೆನ್ಸ್, ಎಲ್ಲ ಸೇರಿ 2.3 ಕೆಜಿ. ಹಿಂದುಗಡೆ ವಿ-ಮೌಂಟ್ ಬ್ಯಾಟರಿ 700 ಗ್ರಾಂ. ಗಿಂಬಲ್ (ಮೋಟಾರ್‌ಗಳಿಂದ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಸಾಧನ) 4.5 ಕೆಜಿ ಹೊರುವಂಥದ್ದು, ಹಾಗಾಗಿ ಭಾರದ ಚಿಂತೆ ಇಲ್ಲ ಅಂದುಕೊಂಡಿದ್ದೆ. ಆದರೆ ಕ್ಯಾಮೆರಾ ತಳಕ್ಕೆ ಬಿಗಿದು ಗಿಂಬಲ್ಲಿಗೆ ಸಿಕ್ಕಿಸುವ ಪ್ಲೇಟನ್ನು ಮುಂದಕ್ಕೆ ತಳ್ಳುವಷ್ಟು ತಳ್ಳಿದರೂ ಹಿಂಭಾಗ ಕುಸಿದು ಲೆನ್ಸ್ ಆಕಾಶ ನೋಡುತ್ತದೆ. ಮುಂದೆ ರಾಡ್ ಹಾಕಿ 300 ಗ್ರಾಂ ಕಬ್ಬಿಣ ಕಟ್ಟಿದೆ. ಹೇಗೋ ನಿಂತಿತು, ಆದರೆ ಹೆಜ್ಜೆ ಹಾಕಿದರೆ ಮೋಟಾರ್ ಗುಂಯ್ಗುಡುತ್ತದೆ. ಉದ್ದ ಪ್ಲೇಟ್ ತಗೊಳ್ಳಲಾ, ಆಫ್‌ಸೆಟ್ ಪ್ಲೇಟಾ, ಕ್ಯಾಮೆರಾವನ್ನು ಎತ್ತರಿಸುವ ರೈಸರ್ ಹಾಕಲಾ? ಬಳಸಿದವರು ದಯವಿಟ್ಟು ಹೇಳಿ.

ಕ್ಯಾಮೆರಾ ಅಸಿಸ್ಟೆಂಟ್:
ಪ್ಲೇಟಿನ ಮಾತು ಆಮೇಲೆ. ನಿಮ್ಮ ರಿಗ್ (ಕ್ಯಾಮೆರಾ, ಲೆನ್ಸ್, ಬ್ಯಾಟರಿ ಎಲ್ಲ ಸೇರಿದ್ದು) ಎಲ್ಲಿ ತೂಗುತ್ತದೆ ಅಂತ ನೋಡಿದ್ದೀರಾ? ಟೇಬಲ್ ಮೇಲೆ 15 ಮಿ.ಮೀ. ರಾಡ್ ಒಂದನ್ನು ಅಡ್ಡ ಇಡಿ. ಶೂಟಿಂಗ್ ವೇಳೆ ಏನೇನು ಇರುತ್ತದೋ ಅಷ್ಟನ್ನೂ ಹಾಕಿ: ಕಾರ್ಡ್, ಫಿಲ್ಟರ್, ಫೋಕಸ್ ಮೋಟಾರ್, ಕೇಬಲ್. ಲೆನ್ಸ್ ಮುಚ್ಚಳ ಮಾತ್ರ ತೆಗೆದಿರಬೇಕು. ಕ್ಯಾಮೆರಾವನ್ನು ರಾಡ್ ಮೇಲಿಟ್ಟು ಹಿಂದೆ ಮುಂದೆ ಉರುಳಿಸಿ. ಎತ್ತಲೂ ವಾಲದೆ ತೂಗುವ ಜಾಗಕ್ಕೆ ಕೇಜ್ ಪಕ್ಕದಲ್ಲಿ ಟೇಪ್ ಅಂಟಿಸಿ. ಆ ಟೇಪಿನಿಂದ ಕ್ಯಾಮೆರಾ ತಳದ ಸ್ಕ್ರೂ ತೂತಿಗೆ ಎಷ್ಟು ದೂರ ಇದೆಯೋ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪ್ಲೇಟ್ ಕೊಳ್ಳಲು ಹೋಗಬೇಕು.

ನಿಮ್ಮ ಲೆಕ್ಕವನ್ನೇ ತಗೊಳ್ಳೋಣ. ಬ್ಯಾಟರಿ ತೆಗೆದರೆ ಸ್ಕ್ರೂ ಮೇಲೇ ತೂಗುತ್ತದೆ, ಬ್ಯಾಟರಿಯ ನಡು ಸ್ಕ್ರೂಗಿಂತ 15 ಸೆಂ.ಮೀ. ಹಿಂದಿದೆ ಅಂತಿಟ್ಟುಕೊಳ್ಳಿ. 700ನ್ನು 15ರಿಂದ ಗುಣಿಸಿ, ಒಟ್ಟು ತೂಕ 3,000ದಿಂದ ಭಾಗಿಸಿದರೆ 3.5 ಸೆಂ.ಮೀ. ಅಂದರೆ ಕ್ಯಾಮೆರಾ 3.5 ಸೆಂ.ಮೀ. ಮುಂದೆ ಬರಬೇಕು. ನಿಮ್ಮ ಪ್ಲೇಟ್ 2 ಸೆಂ.ಮೀ.ಗೇ ನಿಂತುಬಿಟ್ಟರೆ ಇನ್ನು ಒಂದೂವರೆ ಬಾಕಿ. ಅದನ್ನು ಕಬ್ಬಿಣದಿಂದ ತುಂಬಲು ಸ್ಕ್ರೂಗಿಂತ 12 ಸೆಂ.ಮೀ. ಮುಂದೆ (ಗಿಂಬಲ್ ಹಿಡಿದ ಜಾಗದಿಂದ 14) ಸುಮಾರು 320 ಗ್ರಾಂ ಬೇಕು. ನೀವು ಮಾಡಿದ್ದೂ ಅದನ್ನೇ. ಆದರೆ ಬ್ಯಾಟರಿಯನ್ನೇ ಆರೂವರೆ ಸೆಂ.ಮೀ. ಮುಂದಕ್ಕೆ ತಂದರೆ ಒಂದು ಗ್ರಾಂ ಕೂಡ ಸೇರಿಸದೆ ಅದೇ ಕೆಲಸ ಆಗುತ್ತದೆ.

ತುದಿಗೆ ತೂಕ ಕಟ್ಟಿದರೆ ಟಿಲ್ಟ್ (ಮೇಲೆ ಕೆಳಗೆ ವಾಲುವುದು) ನಿಲ್ಲುತ್ತದೆ, ನಿಜ. ಆದರೆ ಎರಡೂ ತುದಿ ಭಾರವಾದ ಕೋಲನ್ನು ತಿರುಗಿಸಿ ನೋಡಿ: ಹೊರಡಿಸಲೂ ಕಷ್ಟ, ನಿಲ್ಲಿಸಲೂ ಕಷ್ಟ. ನಿಮ್ಮ ಮೋಟಾರ್ ಗುಂಯ್ಗುಡುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಗಿಂಬಲ್ ಆಪರೇಟರ್:
ಮೇಡಂ ಹೇಳಿದ್ದು ಸರಿ. ಬ್ಯಾಟರಿಯನ್ನು ಕೇಜ್ ತಲೆಯ ಮೇಲೆ ಕೂರಿಸಿದರೆ ಮುಂದಕ್ಕೇನೋ ಬರುತ್ತದೆ, ಆದರೆ ಮೇಲಕ್ಕೂ ಹೋಗುತ್ತದೆ. 700 ಗ್ರಾಂ 8 ಸೆಂ.ಮೀ. ಎತ್ತರಕ್ಕೆ ಹೋದರೆ ಇಡೀ ರಿಗ್ಗಿನ ತೂಕದ ನಡು ಹೆಚ್ಚುಕಡಿಮೆ 1.9 ಸೆಂ.ಮೀ. ಏರುತ್ತದೆ. ಅಷ್ಟು ಕೆಳಗಿಳಿಸಲು ನಿಮ್ಮ ಗಿಂಬಲ್ಲಿನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ.

ಈಗ ಪ್ಲೇಟಿನ ವಿಷಯ. ನಾನೂ ಉದ್ದ ಪ್ಲೇಟ್ ತಗೊಂಡವನೇ. ತಗೊಂಡು ಮೂರು ತಿಂಗಳು ತಿರುವುಮುರುವು ಹಾಕಿಕೊಂಡಿದ್ದೆ, ನಗಬೇಡಿ. ಕ್ಯಾಮೆರಾ ಮುಂದೆ ಹೋಗಬೇಕು, ಹಾಗಾಗಿ ಪ್ಲೇಟೂ ಲೆನ್ಸ್ ಕಡೆಗೆ ಉದ್ದ ಇರಬೇಕು ಅಂತ ಮನಸ್ಸು ಹೇಳುತ್ತದೆ. ವಾಸ್ತವ ಉಲ್ಟಾ. ಪ್ಲೇಟನ್ನು ಕಚ್ಚುವ ಗಿಂಬಲ್ಲಿನ ಕ್ಲಾಂಪ್ ಹಿಡಿಯಬೇಕಾದ್ದು ತೂಕದ ನಡುವನ್ನು, ಅದು ಇರುವುದು ಸ್ಕ್ರೂಗಿಂತ ಹಿಂದೆ. ಆದ್ದರಿಂದ ಪ್ಲೇಟಿನ ಬಾಲ ಹಿಂದಕ್ಕೆ, ಬ್ಯಾಟರಿ ಕಡೆಗೆ ಚಾಚಬೇಕು. ಕ್ಯಾಮೆರಾ ಸ್ಕ್ರೂ ಪ್ಲೇಟಿನ ಮುಂತುದಿಯ ತೂತಿಗೆ ಬರಬೇಕು. ಪ್ಲೇಟ್ ಎಷ್ಟು ಉದ್ದ ಅನ್ನುವುದಲ್ಲ, ಸ್ಕ್ರೂ ಹಿಂದೆ ಎಷ್ಟು ಉದ್ದ ಉಳಿಯುತ್ತದೆ ಅನ್ನುವುದೇ ಲೆಕ್ಕ. ಒಂದು ತುದಿಗೆ ತೂತು ಇರುವ ಆಫ್‌ಸೆಟ್ ಪ್ಲೇಟ್ ಕೂಡ ಮಾಡುವುದು ಇದನ್ನೇ. ಪಕ್ಕಕ್ಕೆ ಸರಿಸುವ ಆಫ್‌ಸೆಟ್ ಬೇರೆ, ಅದು ರೋಲ್‌ಗೆ, ಅಂದರೆ ಎಡಬಲ ವಾಲುವುದಕ್ಕೆ. ನಿಮಗೆ ಬೇಡ.

ಇನ್ನೊಂದು ಲಾಭ ಇದೆ. ಕ್ಯಾಮೆರಾ ಮುಂದೆ ಹೋದಷ್ಟೂ ಅದರ ಬೆನ್ನು ಹಿಂದಿರುವ ರೋಲ್ ಆರ್ಮಿಗೆ (ಗಿಂಬಲ್ಲಿನ ತೋಳಿಗೆ) ಬಡಿಯುವುದು ಕಡಿಮೆ.

ಬಾಡಿಗೆಗೆ ಸಾಮಾನು ಕೊಡುವವರು:
ಕೊಳ್ಳುವ ಮುಂಚೆ ನಿಮ್ಮ ಕ್ಲಾಂಪ್ ಯಾವ ಜಾತಿ ನೋಡಿ. ಆರ್ಕಾ-ಸ್ವಿಸ್ ಮಾದರಿಯದು ಸುಮಾರು 38 ಮಿ.ಮೀ. ಅಗಲ, ಮ್ಯಾನ್‌ಫ್ರೊಟ್ಟೊ 501 ಮಾದರಿಯದು ಸುಮಾರು 50. ಎಷ್ಟೋ ಗಿಂಬಲ್‌ಗಳಲ್ಲಿ ಎರಡೂ ಇರುತ್ತವೆ: ಕೆಳಗಿನದು ಮ್ಯಾನ್‌ಫ್ರೊಟ್ಟೊ, ಅದರ ಮೇಲೆ ಆರ್ಕಾ. 501ರ ಮಾಮೂಲಿ ಪ್ಲೇಟ್ 90 ಮಿ.ಮೀ. ಆಸುಪಾಸು, ಅದರದ್ದೇ ಉದ್ದದ್ದು 140. ನಿಮ್ಮ ಕೆಲಸಕ್ಕೆ ಅಷ್ಟು ಸಾಕು. ಆರ್ಕಾದಲ್ಲಿ ಒಂದು ತೊಡಕು: ತಯಾರಿಸುವವರೆಲ್ಲರ ಅಳತೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ. ಲಿವರ್ ಕ್ಲಾಂಪಿನಲ್ಲಿ ಒಂದು ಪ್ಲೇಟ್ ಬಿಗಿ, ಇನ್ನೊಂದು ಸಡಿಲ. ತಿರುಪು ಕ್ಲಾಂಪ್ ಆದರೆ ಎರಡನ್ನೂ ಹಿಡಿಯುತ್ತದೆ.

ರೈಸರ್ ಬೇಕಾಗುವುದು ಬ್ಯಾಟರಿಯ ಹೊಟ್ಟೆ ಕ್ಯಾಮೆರಾ ತಳಕ್ಕಿಂತ ಕೆಳಗೆ ಜೋತುಬಿದ್ದು ಪ್ಲೇಟಿನ ಬಾಲಕ್ಕೆ ತಾಗಿದಾಗ ಮಾತ್ರ. ಸುಮ್ಮನೆ ಹಾಕಬೇಡಿ, ಅದೂ ಎತ್ತರ ತಿನ್ನುತ್ತದೆ.

ಸ್ಟೆಡಿಕ್ಯಾಮ್ ಆಪರೇಟರ್:
ಸ್ಟೆಡಿಕ್ಯಾಮ್ ಅಂದರೆ ಮೈಗೆ ಕಟ್ಟಿಕೊಂಡು ಕಂಬದ ಮೇಲೆ ಕ್ಯಾಮೆರಾ ತೂಗಿಸುವ ಸಾಧನ. ನಮ್ಮಲ್ಲಿ ಇದಕ್ಕೆ ಉದ್ದನೆಯ ಡವ್‌ಟೇಲ್ ಪ್ಲೇಟ್ ಇರುತ್ತದೆ. ಅದಕ್ಕೆ ಸಾಲು ಸಾಲು ತೂತುಗಳು, ಯಾವುದಕ್ಕೆ ಬೇಕಾದರೂ ಕ್ಯಾಮೆರಾ ಬಿಗಿಯಬಹುದು. ನಾವು ತೂಕದ ನಡುವನ್ನು ಕಂಬದ ಗೆರೆಗಿಂತ ಕೊಂಚ ಹಿಂದೆಯೇ ಇಡುತ್ತೇವೆ, ಪ್ಯಾನ್ ಮಾಡುವಾಗ (ಪಕ್ಕಕ್ಕೆ ತಿರುಗಿಸುವಾಗ) ಕಂಬ ನೆಟ್ಟಗೆ ತಿರುಗಲಿ ಎಂದು. ಗಿಂಬಲ್‌ಗೆ ಆ ಉಪಾಯ ತರಬೇಡಿ. ಅಲ್ಲಿ ಮೂರೂ ಅಕ್ಷಗಳ ಮೇಲೆ ನಡು ಬಂದು ಕೂರಬೇಕು.

ಯಾರೂ ಹೇಳದ ಒಂದು ಮಾತು. ಉದ್ದ ಪ್ಲೇಟಿನ ಮುಂತುದಿಗೆ ಒಂದೇ ಕಾಲು ಇಂಚಿನ ಸ್ಕ್ರೂ ಹಾಕಿ ಮೂರು ಕೆಜಿ ನಿಲ್ಲಿಸಿದರೆ ಕ್ಯಾಮೆರಾ ಮೆಲ್ಲಗೆ ತಿರುಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಫ್ರೇಮಿನಲ್ಲಿ ಸಣ್ಣ ನಡುಕವಾಗಿ ಬರುತ್ತದೆ. ಎರಡು ಸ್ಕ್ರೂ ಹಾಕಿ. ಇಲ್ಲವಾದರೆ ಒಂದು 3/8 ಇಂಚಿನ ಸ್ಕ್ರೂ ಜೊತೆಗೆ ತಿರುಗದಂತೆ ತಡೆಯುವ ಪಿನ್ ಇರುವ ಪ್ಲೇಟ್ ಹುಡುಕಿ. ತೆಳು ಅಲ್ಯೂಮಿನಿಯಂ ಪ್ಲೇಟ್ ಬಾಗುತ್ತದೆ. ಕೈಯಲ್ಲಿ ಲೆನ್ಸ್ ತುದಿ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಸಡಿಲ ಎಲ್ಲಿದ್ದರೂ ಮೋಟಾರ್ ಅದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಆ ಗುಂಯ್ ಸದ್ದಿಗೆ ನಾನು ಮೊದಲು ಅನುಮಾನಿಸುವುದು ಇದನ್ನು.

ಗಿಂಬಲ್ ಆಪರೇಟರ್:
ಹೌದು ಸರ್, ಅದು ನನಗೂ ಆಗಿದೆ. ಕ್ಯಾಮೆರಾ ಜಾಗ ಬದಲಿಸಿದ ಮೇಲೆ ಆಟೋ ಟ್ಯೂನ್ (ಗಿಂಬಲ್ ತಾನೇ ಮೋಟಾರ್ ಬಲ ಹೊಂದಿಸಿಕೊಳ್ಳುವುದು) ಮತ್ತೊಮ್ಮೆ ಓಡಿಸುವುದನ್ನೂ ಮರೆಯಬೇಡಿ. ಬ್ಯಾಲೆನ್ಸ್ ನೋಡುವಾಗ ಗಿಂಬಲ್ ಆಫ್ ಇರಲಿ. ಲೆನ್ಸ್ ನೆಟ್ಟಗೆ ಮೇಲೆ ಮಾಡಿ ಕೈಬಿಡಿ, ನಿಲ್ಲಬೇಕು. ಅರ್ಧಕ್ಕೆ ವಾಲಿಸಿ ಬಿಡಿ, ಅಲ್ಲೂ ನಿಲ್ಲಬೇಕು. ಬರೀ ಸಮತಟ್ಟಿನಲ್ಲಿ ನಿಂತರೆ ನಂಬಬೇಡಿ. ಜೂಮ್ ಮಾಡಿದಾಗ ಮೂತಿ ಚಾಚುವ ಲೆನ್ಸ್ ಆದರೆ ನೀವು ಬಳಸುವ ಫೋಕಲ್ ಲೆಂತ್‌ನಲ್ಲೇ ಇಟ್ಟು ನೋಡಿ.

ಕ್ಯಾಮೆರಾ ಅಸಿಸ್ಟೆಂಟ್:
ಕೊನೆಗೂ ಮುಂದೆ ತೂಕ ಬೇಕೇ ಬೇಕು ಅನ್ನಿಸಿದರೆ, ಹೇಗೂ ಬೇಕಾಗುವ ಸಾಮಾನನ್ನೇ ಮುಂದೆ ತನ್ನಿ. ಹಿಂದೆ ನೇತುಹಾಕಿದ ವೈರ್‌ಲೆಸ್ ಟ್ರಾನ್ಸ್‌ಮಿಟರ್, ಲೆನ್ಸಿಗೆ ಅಡ್ಡ ಬೆಳಕು ಬೀಳದಂತೆ ತಡೆಯುವ ಕ್ಲಿಪ್ ಆನ್ ಮ್ಯಾಟ್ ಬಾಕ್ಸ್, ಫೋಕಸ್ ಮೋಟಾರ್. ಇನ್ನೂ ಹತ್ತಿಪ್ಪತ್ತು ಗ್ರಾಂ ಸಾಲದಿದ್ದರೆ ಕಾರಿನ ಚಕ್ರಕ್ಕೆ ಅಂಟಿಸುವ ತೂಕದ ಪಟ್ಟಿ ಬರುತ್ತದಲ್ಲ, ಅದರ ತುಂಡು ಸಾಕು.

ಕೇಳಿದವರು:
ಎಲ್ಲರಿಗೂ ನಮಸ್ಕಾರ. ರಾಡ್ ಮೇಲೆ ತೂಗಿಸಿ ನೋಡಿದೆ. ಮೇಡಂ ಊಹೆ ಹತ್ತಿರ ಹತ್ತಿರ, 3.4 ಸೆಂ.ಮೀ. ಬಂತು. ಮತ್ತೆ ನಾನೂ ಆ ಮೂರು ತಿಂಗಳ ಪಂಗಡದವನೇ: ಪ್ಲೇಟ್ ತಿರುವುಮುರುವು ಇತ್ತು. ಹಿಂದುಮುಂದು ಮಾಡಿದ್ದಕ್ಕೆ ಇನ್ನೊಂದು ಸೆಂ.ಮೀ. ಸಿಕ್ಕಿತು. ಬ್ಯಾಟರಿ ಪ್ಲೇಟಿಗೂ ಕೇಜಿಗೂ ನಡುವೆ ಸುಮ್ಮನೆ ಒಂದು ಹಿಂಜ್ ಇತ್ತು, ಅದನ್ನು ಕಿತ್ತು ಬ್ಯಾಟರಿಯನ್ನು ನೇರ ಬೆನ್ನಿಗೆ ಅಂಟಿಸಿದೆ. 3 ಸೆಂ.ಮೀ. ಒಳಗೆ ಬಂತು. ಕಬ್ಬಿಣ ತೆಗೆದೆ. ಹೊಸ ಪ್ಲೇಟ್ ಕೊಳ್ಳಲೇ ಇಲ್ಲ, ಎರಡನೇ ಸ್ಕ್ರೂ ಮಾತ್ರ ಹಾಕಿದೆ.

ಲೆನ್ಸ್ ಮೇಲೆ ಮಾಡಿ ಬಿಟ್ಟರೆ ನಿಲ್ಲುತ್ತದೆ. ಅರ್ಧಕ್ಕೆ ವಾಲಿಸಿದಾಗ ಮಾತ್ರ ಮೆಲ್ಲಗೆ ಬಲಕ್ಕೆ ಜಾರುತ್ತಿತ್ತು. ಹುಡುಕಿದರೆ ವಿಡಿಯೊ ಸಾಗಿಸುವ ಎಸ್‌ಡಿಐ ಕೇಬಲ್, ಹಗ್ಗದಷ್ಟು ದಪ್ಪ, ರೋಲ್ ಆರ್ಮನ್ನು ಎಳೆಯುತ್ತಿದೆ. ತೆಳುವಾದದ್ದು ಸಿಗುವವರೆಗೆ ಅದನ್ನು ದೊಡ್ಡ ಸುತ್ತು ಬಿಟ್ಟು ಕಟ್ಟಿದ್ದೇನೆ.